ನಲವತ್ತೈದು ಪೌಂಡಿನ ಬಿಲ್ಲು

ಕೋಲ್ಬಿ ಬಂದಿದ್ದಾನೆ, ಬೂಟಿಗೆ ಕಿಕಪೂ ಹೊಳೆಯ ಕೆಸರು,
ಕೈಯಲ್ಲಿ ಎರಡು ಪೊಟ್ಟಣ, ಬೆಲೆಚೀಟಿ ಇನ್ನೂ ಕಿತ್ತಿಲ್ಲ.
'ಯಾವುದು ಇಟ್ಟುಕೊಳ್ಳಲಿ, ಯಾವುದು ವಾಪಸ್ ಕೊಡಲಿ?'

ನಾನು ಬೇಟೆಗಾತಿಯಲ್ಲ. ಬೇಟೆ ಮುಗಿದ ಮೇಲಿನವಳು.
ಈ ಶೆಡ್ಡಿನಲ್ಲಿ ಇಪ್ಪತ್ತಾರು ನವೆಂಬರು
ಯಾರೋ ಹೊಡೆದು ತಂದ ಜಿಂಕೆಯ ತೊಗಲು ಬಿಡಿಸಿದವಳು.
ಅಂಬು ಎಲ್ಲಿ ಹೊಕ್ಕಿತು, ಎಲ್ಲಿ ಹೊರಟಿತು,
ನಡುವೆ ಏನೇನು ಕೆಡಿಸಿತು,
ಅವರು ಹೇಳುವ ಕತೆ ಒಂದು,
ಪಕ್ಕೆಲುಬು ಹೇಳುವುದು ಇನ್ನೊಂದು.

ಮೊದಲ ಪೊಟ್ಟಣ: ಮೂರು ಅಲಗು, ಕದಲದೆ ನಿಂತವು.
ಮುಚ್ಚುವುದಿಲ್ಲ, ಮಡಿಚುವುದಿಲ್ಲ,
ಬತ್ತಳಿಕೆಯಲ್ಲೂ ಹಲ್ಲು ಕಿರಿದುಕೊಂಡೇ ಇರುತ್ತವೆ.
ಗಾಳಿಯ ಜೊತೆ ಇವಕ್ಕೆ ಹಳೇ ಜಗಳ.
ಬಿಲ್ಲು ಕೂದಲೆಳೆಯಷ್ಟು ಓರೆಯಿದ್ದರೂ
ಹುಲ್ಲುಕಟ್ಟಿಗೆ ಬಿಟ್ಟದ್ದು ಪಕ್ಕದ ಬೇಲಿಗೆ.
ಬಿಟ್ಟವನ ತಪ್ಪಿಗೆ ಚಾಡಿ ಹೇಳುವ ಜಾತಿ.

ಎರಡನೆಯದು ಸಂಭಾವಿತ.
ರೆಕ್ಕೆ ಮಡಿಚಿ, ರಬ್ಬರಿನ ಬಳೆ ತೊಟ್ಟು
ಅಭ್ಯಾಸದ ಮೊನೆಯಂತೆಯೇ ನೆಟ್ಟಗೆ ಹಾರುತ್ತದೆ,
ತೊಗಲು ಮುಟ್ಟಿದ ಮೇಲೆ ಬಿಚ್ಚುತ್ತದೆ, ಎರಡಿಂಚು ಅಗಲ.
ಬಿಚ್ಚಿದರೆ.
ಆ 'ದರೆ' ಎಂಬ ಎರಡಕ್ಷರದ ಮೇಲೆ
ಕಳೆದ ವರ್ಷ ಇಡೀ ರಾತ್ರಿ ನಡೆದಿದ್ದೇನೆ.

ಆರ್ವಿಡ್ ಹೊಡೆದ ಹೆಣ್ಣು ಜಿಂಕೆ. ಓರೆಯಾಗಿ ನಿಂತಿತ್ತಂತೆ.
ಜೋಳದ ಕೂಳೆಯ ಅಂಚಿನಲ್ಲಿ ಮೊದಲು ಸಿಕ್ಕಿದ್ದು ಬಿಳಿ ಕೂದಲು;
ಬಿಳಿಯೆಂದರೆ ಹೊಟ್ಟೆಯಡಿಯದು, ಸುದ್ದಿ ಒಳ್ಳೆಯದಲ್ಲ.
ಗುಲಾಬಿ ನೊರೆಯಾದರೆ ಶ್ವಾಸಕೋಶ, ಅರ್ಧ ಗಂಟೆ ಕಾಯಿ.
ಕಡುಗೆಂಪಾದರೆ ಯಕೃತ್ತು, ನಾಲ್ಕು ಗಂಟೆ.
ಹಸಿರು ಕಲೆತು ನಾತ ಹೊಡೆದರೆ
ಮನೆಗೆ ಹೋಗಿ ಮಲಗು, ಬೆಳಿಗ್ಗೆ ಬಾ.
ಮಲಗು ಎಂದವರು ಯಾರೋ, ಮಲಗಿ ನೋಡಿದವರಲ್ಲ.

ಟಾರ್ಚು ಹಿಡಿದು ಬಗ್ಗಿ ಬಗ್ಗಿ ನಡೆದೆವು.
ಸಾಸಿವೆ ಕಾಳಿನಷ್ಟು ರಕ್ತ, ಒಂದೇ ಎಲೆಯ ಮೇಲೆ.
ಆಮೇಲೆ ಅರ್ಧ ಮೈಲಿ ಬರೀ ಎಲೆ.
ಮೇಪಲ್ ಎಲೆಗೆ ಮೈಯೆಲ್ಲ ಕೆಂಪು ಚುಕ್ಕೆ, ಕೋಲ್ಬಿ,
ಒಂದೊಂದನ್ನೂ ಎತ್ತಿ, ಉಗುಳು ಹಚ್ಚಿ, ಉಜ್ಜಿ ನೋಡಿದೆವು.

ಬೆಳಿಗ್ಗೆ ಅಂಬು ಸಿಕ್ಕಿತು.
ಒಂದು ರೆಕ್ಕೆ ಬಿಚ್ಚಿತ್ತು, ಒಂದು ಬಿಚ್ಚಿರಲಿಲ್ಲ.
ಅದೋ ಅಲ್ಲಿ, ಗಡಿಯಾರದ ಪಕ್ಕ, ತೊಲೆಗೆ ಸಿಕ್ಕಿಸಿದ್ದಾನೆ. ತೊಳೆದಿಲ್ಲ.
ಈ ವರ್ಷ ಬಿಲ್ಲನ್ನು ಪೆಟ್ಟಿಗೆಯಿಂದ ತೆಗೆದೇ ಇಲ್ಲ.

ಹಾಗಂತ ತೀರ್ಪು ಕೊಡಲಾರೆ.
ಹೋದ ವಾರ ಮಾರ್ಲಿಸ್ ಹಾಗ್ಲಂಡ್ ತಂದದ್ದು ಇದೇ ಮಡಿಚುವ ಅಲಗಿನದು,
ಮೂವತ್ತು ಹೆಜ್ಜೆಯೊಳಗೆ ಬಿತ್ತಂತೆ,
ಗಾಯಕ್ಕೆ ನನ್ನ ಮುಷ್ಟಿ ಹೋಗುತ್ತಿತ್ತು.
ಒಂದು ಮುದಿ ಗಂಡಿನ ಹೆಗಲು ಕೊಯ್ಯುವಾಗ
ನನ್ನ ಚೂರಿಗೆ ಟಣ್ ಅಂದದ್ದು
ನಿಂತ ಅಲಗು. ಅದರ ಸುತ್ತ ಎಲುಬು ಬೆಳೆದಿತ್ತು.
ಯಾವನದೋ ಹಳೆಯ ತಪ್ಪನ್ನು ಹೊತ್ತುಕೊಂಡು
ಎಷ್ಟು ಚಳಿಗಾಲ ಮೇಯ್ದಿತ್ತೋ.

'ನಿನ್ನ ಬಿಲ್ಲಿನ ಎಳೆತ ಎಷ್ಟು?'
'ನಲವತ್ತೈದು ಪೌಂಡು.' ಧ್ವನಿ ತಗ್ಗಿತು. ಅವನ ಅಣ್ಣನದು ಅರವತ್ತೆಂಟು.

ರೆಕ್ಕೆ ಬಿಚ್ಚುವುದಕ್ಕೂ ಬಲ ಬೇಕು, ಮಗೂ,
ಅದು ಅಂಬಿನ ಗಂಟಿನಿಂದಲೇ ಖರ್ಚು.
ನಿನ್ನ ಹತ್ತಿರ ಇರುವುದೇ ಒಂದು ಹಿಡಿ;
ಬಾಗಿಲು ತೆಗೆಸಲಿಕ್ಕೇ ಅರ್ಧ ಸುರಿದರೆ
ಒಳಗೆ ಹೋಗಲು ಏನು ಉಳಿಯಿತು?
ನಿಂತದ್ದನ್ನೇ ಇಟ್ಟುಕೋ. ಅದು ಚಾಡಿ ಹೇಳಲಿ, ಕೇಳಿಸಿಕೋ.
ಇಪ್ಪತ್ತು ಗಜ, ಅದರಾಚೆ ಬೇಡ.
ಎಳೆದ ಹೆದೆಯನ್ನು ಬಿಡದೆ ಇಳಿಸುವುದು ಕಲಿ,
ಅದನ್ನು ಯಾವ ಪೊಟ್ಟಣದಲ್ಲೂ ಮಾರುವುದಿಲ್ಲ.

ತಲೆಯಾಡಿಸಿದ. ಎಷ್ಟು ಕೇಳಿಸಿತೋ ಏನೋ.
ಆಗಲೇ ಪೊಟ್ಟಣ ಹರಿದು, ಅಲಗಿನ ಮೇಲೆ
ಹೆಬ್ಬೆರಳಾಡಿಸಿ ಹರಿತ ನೋಡಹೋಗಿ,
ಸ್ಸ್ ಎಂದ.
ಸಿಮೆಂಟಿನ ಮೇಲೆ ಬಿತ್ತು, ಸಾಸಿವೆ ಕಾಳಿನಷ್ಟು.
ಇಬ್ಬರೂ ಬಗ್ಗಿ
ಅದರ ಬಣ್ಣ ನೋಡಿದೆವು.